ಕೊಲ್ಲಾರಿ ಚಕ್ಕಡಿ, ಟ್ರ್ಯಾಕ್ಟರ್ ಡಬ್ಬಿ, ಪಿಕಪ್ ಬಾಡಿ: ಜಾತ್ರಿಗೆ ಗಾಡಿ ಕಟ್ಟೋ ಕತಿ

ಈ ಸಲ ಕಬ್ಬಿಂದೂ ಅಲ್ಲ, ಅರಿಶಿಣದ್ದೂ ಅಲ್ಲ. ಗಾಡಿ ವಿಷಯ. ಸ್ವಲ್ಪ ಉದ್ದ ಆಗೇದ, ನೀರು ಬಿಟ್ಟು ಬದುವಿನ ಮ್ಯಾಲ ಕುಂತಾಗ ಓದ್ರಿ.

ಹೋದ ವಾರ ಮಗ ಮೊಬೈಲ್ ಹಿಡಕೊಂಡು ಬಂದ. ಆಸ್ಟ್ರೇಲಿಯಾದ ವಿಡಿಯೊ. ಅಲ್ಲಿ ನಮ್ಮ ಪಿಕಪ್‌ನಂಥಾ ಗಾಡಿಗೆ ‘ಯೂಟ್’ ಅಂತಾರಂತ. ಹಿಂದಿನ ಬಾಡಿಯೊಳಗ ಎಳಿಯೋ ಖಾನೆ, ಬಗಲಿಗೆ ನೀರಿನ ಟಾಕಿ, ಒಲಿ, ಮ್ಯಾಲ ಬಿಚ್ಚೋ ಡೇರೆ. ಗಂಡ ಹೆಂಡತಿ ಇಬ್ಬರು ಅಡವಿಯೊಳಗ ಗಾಡಿ ನಿಲ್ಲಿಸಿ ಐದು ನಿಮಿಷದಾಗ ಸಂಸಾರ ಹೂಡ್ತಾರ. ‘ಅಪ್ಪಾ, ನಮ್ಮ ಪಿಕಪ್ಪಿಗೂ ಹಿಂಗ ಮಾಡಸೂಣು. ಭಾರತ ಹುಣ್ಣಿವಿಗೆ ಎಲ್ಲಮ್ಮನ ಗುಡ್ಡಕ್ಕ ಹೋಗೂಣು, ಆಮ್ಯಾಲ ಅಂಬೋಲಿ ಘಾಟಿಗೂ ಹೋಗೂಣು. ನಮ್ಮ ಕಡೆ ಇಂಥಾದ್ದು ಯಾರೂ ಮಾಡಿಲ್ಲ’ ಅಂದ.

ಕಡೀ ಮಾತಿಗೆ ನಂಗ ನಗು ಬಂತು. ನಿನ್ನ ಮುತ್ತಜ್ಜ ಇದನ್ನ ಬಿದಿರಿನಾಗ ಮಾಡ್ತಿದ್ದ ಅಂದೆ. ಅವ ನಂಬಲಿಲ್ಲ. ಅವಗ ಹೇಳಿದ್ದನ್ನ ನಿಮಗೂ ಹೇಳ್ತೀನಿ.

ಮೊದಲು ಆ ಯೂಟ್ ಕತಿ ಮುಗಸ್ತೀನಿ, ಯಾಕಂದ್ರ ಅದೂ ರೈತರ ಮನೀದೇ. 1930ರ ದಶಕದ ಶುರುವಿನಾಗ ಆಸ್ಟ್ರೇಲಿಯಾದ ಒಬ್ಬ ರೈತನ ಹೆಂಡತಿ ಫೋರ್ಡ್ ಕಂಪನಿಗೆ ಪತ್ರ ಬರದಳಂತ. ಭಾನುವಾರ ಚರ್ಚಿಗೆ ಹೋಗಾಕೂ ಬರಬೇಕು, ಸೋಮವಾರ ಹಂದಿ ಸಂತಿಗೆ ಒಯ್ಯಾಕೂ ಬರಬೇಕು, ಅಂಥಾ ಒಂದೇ ಗಾಡಿ ಮಾಡಿಕೊಡ್ರಿ ಅಂತ. ಎರಡು ಗಾಡಿ ತಗೊಳ್ಳಾಕ ರೊಕ್ಕ ಇಲ್ಲ ಅನ್ನೋದು ಅದರ ತಿರುಳು. ಗೀಲಾಂಗ್ ಊರಿನ ಫೋರ್ಡ್ ಕಾರ್ಖಾನೆಯ ಲೂಯಿಸ್ ಬ್ಯಾಂಟ್ ಅನ್ನೋ ಹರೇದ ಎಂಜಿನಿಯರ್ ಮುಂದ ಕಾರು, ಹಿಂದ ತೆರೆದ ಬಾಡಿ ಇರೋ ನಕಾಶೆ ತಗದ. 1934ರಾಗ ಗಾಡಿ ಹೊರಗ ಬಂತು.

ಒಂದೇ ಗಾಡಿ, ಎರಡು ಕೆಲಸ. ನಮ್ಮ ಚಕ್ಕಡಿಯೂ ಇದೇ ಅಲ್ಲೇನ್ರಿ? ಸುಗ್ಗಿಯೊಳಗ ಕಣಿಕಿ, ಗೊಬ್ಬರ, ಸಂತಿಗೆ ಮೂಟೆ. ಹುಣ್ಣಿವಿ ಬಂದ್ರ ಅದೇ ಚಕ್ಕಡಿಗೆ ಕಮಾನು ಏರಿಸಿ ಹೆಣ್ಣುಮಕ್ಕಳನ್ನ ಕೂಡಿಸಿಕೊಂಡು ಗುಡ್ಡಕ್ಕ.

ಆದ್ರ ಚಕ್ಕಡಿ ಅನ್ನೋದು ಮೊದಲಿಂದ ಹಿಂಗ ಇರಲಿಲ್ಲ. ಎರಡು ನೂರು ವರ್ಷದ ಹಿಂದ ಈ ದಖನ್ ಸೀಮಿಯೊಳಗ ದೂರದ ಸಾಗಾಟ ಎಲ್ಲಾ ಹೇರು ಎತ್ತಿನ ಬೆನ್ನ ಮ್ಯಾಲ. ಲಂಬಾಣಿಗರು ನೂರಾರು ಎತ್ತು ಹೊಡಕೊಂಡು ಉಪ್ಪು, ಕಾಳು ಸಾಗಸ್ತಿದ್ರು. ಗಾಡಿ ಇದ್ರೂ ಅವು ಗಟ್ಟಿ ಹಲಗಿಯ ಗಾಲಿ ಇರೋ ಭಾರದ ಗಾಡಿ, ಊರ ಹೊಲದಿಂದ ಊರಿಗೆ ಅಷ್ಟ. 1830ರ ದಶಕದಾಗ ಸೋಲಾಪುರ ಕಡೆ ಟೆಂಭುರ್ಣಿ ಅನ್ನೋ ಊರಾಗ ಗೈಸ್‌ಫರ್ಡ್ ಅನ್ನೋ ಬ್ರಿಟಿಷ್ ಅಧಿಕಾರಿ ಅರಗಾಲು ಇರೋ ಹಗುರ ಚಕ್ಕಡಿ ಮಾಡಿಸೋ ಕಾರ್ಖಾನೆ ತಗಿಸಿದ. ರಸ್ತೆ ಆದಂಗ ಆದಂಗ ಇಂಥಾ ಹಗುರ ಚಕ್ಕಡಿ ಮುಂಬಯಿ ಪ್ರಾಂತದ ತುಂಬ ಹಬ್ಬಿತು. ನಮ್ಮ ಬೆಳಗಾವಿ ಜಿಲ್ಲೆ ಆಗ ಅದೇ ಪ್ರಾಂತದಾಗ ಇತ್ತು, 1956ರ ತನಕ.

ನಮ್ಮ ಭಾಗದ ಚಕ್ಕಡಿಯವರಿಗೆ ದೊಡ್ಡ ಹಾದಿ ಅಂದ್ರ ಘಾಟಿನ ಹಾದಿ. ಹತ್ತಿ ಹೇರಿಕೊಂಡು ಸಹ್ಯಾದ್ರಿ ಇಳದು ವೆಂಗುರ್ಲಾ ಬಂದರಕ್ಕ ಹೋಗೋದು, ಬರಬೇಕಾದ್ರ ಉಪ್ಪು, ತೆಂಗಿನಕಾಯಿ. 1861ರಿಂದ 1865ರ ತನಕ ಅಮೆರಿಕಾದಾಗ ಅಂತರ್ಯುದ್ಧ ನಡೀತು, ಅಲ್ಲಿಯ ಹತ್ತಿ ಇಂಗ್ಲೆಂಡಿಗೆ ಬರೋದು ನಿಂತಿತು, ನಮ್ಮ ಹತ್ತಿಗೆ ಬಂಗಾರದ ಬೆಲಿ ಬಂತು. ಆ ಕಾಲದಾಗ ಘಾಟು ಇಳಿಯೋ ಚಕ್ಕಡಿ ಸಾಲು ಹೆಚ್ಚಾತು. ಮಗ ಅಂಬೋಲಿಗೆ ಹೋಗಿ ಡೇರೆ ಹಾಕೂಣು ಅಂತಾನಲ್ಲ, ಅದೇ ಘಾಟಿನಾಗ ನಮ್ಮ ಹಿರಿಯರು ಚಕ್ಕಡಿ ಕೆಳಗ ಮಲಗಿ ಎದ್ದಾರ. ಮೋಜಿಗಲ್ಲ, ಹೊಟ್ಟಿಗೆ.

1880ರ ದಶಕದ ಕಡೀಗೆ ರೈಲು ಬಂತು. ಪಾಚ್ಛಾಪುರ, ಗೋಕಾಕ ರೋಡ್ ಸ್ಟೇಶನ್ ಆದವು. ಗೋಕಾಕ ಫಾಲ್ಸಿನ ಹತ್ತಿ ಗಿರಣಿಯೂ ಅದೇ ಹೊತ್ತಿನದು, 1887. ಹಂಗಾಗಿ ಚಕ್ಕಡಿಯ ದೂರದ ಹಾದಿ ತುಂಡಾತು. ಸ್ಟೇಶನ್ ತನಕ, ಗಿರಣಿ ತನಕ, ಸಂತಿ ತನಕ ಅಷ್ಟ. ಹೊರಗ ರಾತ್ರಿ ಕಳಿಯೋ ಪಯಣ ಅಂತ ಉಳಿದದ್ದು ಜಾತ್ರಿ ಒಂದೇ. ಸವದತ್ತಿ ಎಲ್ಲಮ್ಮ, ಚಿಂಚಲಿ ಮಾಯಕ್ಕ. ಅದಕ್ಕೇ ಗಾಡಿ ಕಟ್ಟೋ ವಿದ್ಯೆ ಜಾತ್ರಿಯೊಳಗ ಉಳೀತು ಅಂತ ನನ್ನ ಲೆಕ್ಕ.

ನಾನು ಸಣ್ಣಾಂವ ಇದ್ದಾಗ ಅಜ್ಜನ ಜೋಡಿ ಎರಡು ಸಲ ಕೊಲ್ಲಾರಿ ಚಕ್ಕಡಿಯೊಳಗ ಗುಡ್ಡಕ್ಕ ಹೋಗೀನಿ. ಕೊಲ್ಲಾರಿ ಅಂದ್ರ ಕಮಾನಿನ ಮುಚ್ಚಿಗಿ ಇರೋ ಚಕ್ಕಡಿ, ಹುಡುಗರಿಗೆ ಗೊತ್ತಿರಲಿಕ್ಕಿಲ್ಲ. ಹಸೀ ಬಿದಿರು ಸೀಳಿ, ನೀರಾಗ ನೆನಸಿ, ಬಗ್ಗಿಸಿ ಎರಡೂ ಬದಿಯ ಗೂಟಕ್ಕ ಕಟ್ಟೋದು. ಐದು ಕಮಾನು. ಅದರ ಮ್ಯಾಲ ಬಿದಿರಿನ ತಟ್ಟಿ, ತಟ್ಟಿ ಮ್ಯಾಲ ಕಂಬಳಿ. ಕಂಬಳಿ ಯಾಕಂದ್ರ ಇಬ್ಬನಿ ಒಳಗ ಇಳಿಯೋದಿಲ್ಲ, ಬಿಸಲಾಗ ಒಳಗ ಕಾಯೋದೂ ಇಲ್ಲ. ಆಮ್ಯಾಲ ತಾಡಪತ್ರಿ ಬಂತು, ಒಳಗ ಕುಂತವರು ಕುದ್ದು ಹೋಗ್ತಿದ್ರು. ಅಜ್ಜ ತಾಡಪತ್ರಿ ಒಯ್ತಿದ್ದ, ಆದ್ರ ಮಳಿ ಬಂದ್ರ ಮಾತ್ರ ಬಿಚ್ತಿದ್ದ.

ಕೆಳಗ ಹಾಸೋದಕ್ಕೂ ಲೆಕ್ಕ ಇತ್ತು. ಮೊದಲು ಕಣಿಕಿ ಒಂದು ಗೇಣು ದಪ್ಪ, ಅದರ ಮ್ಯಾಲ ಹುಲ್ಲು, ಮ್ಯಾಲ ಜಮಖಾನ, ಅದರ ಮ್ಯಾಲ ಕೌದಿ. ಹೋಗಬೇಕಾದ್ರ ಕಣಿಕಿ ಮ್ಯಾಲ ಕುಂತು ಹೋಗೋದು, ಬರಬೇಕಾದ್ರ ಅದು ಇರತಿರಲಿಲ್ಲ, ಎತ್ತು ತಿಂದು ಮುಗಿಸಿರತಿದ್ದವು. ಹಾಸಗಿಯೇ ಮೇವು. ಆ ಆಸ್ಟ್ರೇಲಿಯಾದವರ ಖಾನೆಯೊಳಗ ಈ ಯುಕ್ತಿ ನಾ ಕಾಣಲಿಲ್ಲ.

ಸಾಮಾನು ಹೇರೋದ್ರಾಗ ಅಜ್ಜಗ ಎರಡೇ ಮಾತು ಗೊತ್ತಿದ್ದವು, ಮುಂಭಾರ ಮತ್ತು ಹಿಂಭಾರ. ಎರಡು ಗಾಲಿಯ ಗಾಡಿ ಅಂದ್ರ ತಕ್ಕಡಿ ಇದ್ದಂಗ, ಅಚ್ಚು ಅದರ ನಡುವಿನ ಮುಳ್ಳು. ಭಾರ ಹಿಂದ ಹೆಚ್ಚಾದ್ರ ನೊಗ ಮ್ಯಾಲೇಳತದ, ಎತ್ತಿನ ಕೊರಳ ಪಟ್ಟಿ ಗಂಟಲ ಒತ್ತತದ. ಮುಂದ ಹೆಚ್ಚಾದ್ರ ನೊಗ ಹೆಗಲಿಗೆ ಕುಂತು ಹುಣ್ಣ ಬೀಳತದ. ಅದಕ್ಕ ನೀರಿನ ಕೊಡ, ಜೋಳದ ಹಿಟ್ಟಿನ ಚೀಲ, ಒಲಿಗುಂಡು ಎಲ್ಲಾ ಅಚ್ಚಿನ ನೇರ ಮ್ಯಾಲ. ಬುತ್ತಿ ಗಂಟು, ಪಡಲಗಿ ಮುಂದ. ಹಗುರ ಹಾಸಗಿ ಹಿಂದ. ಹೇರಿದ ಮ್ಯಾಲ ಅಜ್ಜ ಮೂಕಿ ಒಂದೇ ಕೈಲೆ ಎತ್ತಿ ನೋಡತಿದ್ದ. ಸ್ವಲ್ಪ ಭಾರ ಕೈಗೆ ಬರಬೇಕು, ಬಹಳ ಬರಬಾರದು. ತಕ್ಕಡಿ ಸರಿ ಇಲ್ಲಾಂದ್ರ ಆಯಿಗೆ ‘ನೀ ಒಂದು ಮೊಳ ಮುಂದ ಸರಿ’ ಅಂತಿದ್ದ. ಆಯಿ ಬೈಕೋತ ಸರೀತಿದ್ದಳು.

ಇದೇ ಲೆಕ್ಕ ಎರಡು ಗಾಲಿಯ ಟ್ರ್ಯಾಕ್ಟರ್ ಡಬ್ಬಿಗೂ ಇವತ್ತಿಗೂ ನಡೀತದ. ಹಿಂದ ಭಾರ ಹೆಚ್ಚಾದ್ರ ಟ್ರ್ಯಾಕ್ಟರಿನ ಹಿಂದಿನ ಗಾಲಿ ಹಿಡತ ಬಿಡತಾವ, ಏರಿನಾಗ ಜಾರತದ. ಪಿಕಪ್ಪಿನಾಗ ಹಿಂದಿನ ಅಚ್ಚಿನ ಆಚಿಕಡೆ ಭಾರ ಹೇರಿದ್ರ ಮುಂದಿನ ಗಾಲಿ ಹಗುರಾಗಿ ಸ್ಟೇರಿಂಗ್ ತೇಲತದ. ಮೂಕಿ ಎತ್ತಿ ನೋಡೋ ಹಂಗ ಪಿಕಪ್ ಎತ್ತಿ ನೋಡಾಕ ಬರೋದಿಲ್ಲ, ಅಷ್ಟೇ ಫರಕು.

ಈಗ ಗಾಲಿ. ಗುಂಬ, ಅರಗಾಲು, ಸುತ್ತಿನ ಕಟ್ಟಿಗಿ, ಎಲ್ಲಾ ಕರೀಜಾಲಿ. ಬಡಿಗ್ಯಾರು ಕಟ್ಟಿಗಿ ಕೆಲಸ ಮುಗಿಸಿ ಕಂಬಾರರಿಗೆ ಕೊಡತಿದ್ರು. ಕಬ್ಬಿಣದ ಹಳಿಯನ್ನ ಗಾಲಿಯ ಸುತ್ತಳತಿಗಿಂತ ಸ್ವಲ್ಪ ಸಣ್ಣದೇ ಮಾಡೋದು. ಸುತ್ತಲೂ ಕುಳ್ಳಿನ ಬೆಂಕಿ ಹಾಕಿ ಕೆಂಪಗ ಕಾಯಿಸಿದ್ರ ಹಳಿ ಹಿಗ್ಗತದ. ನಾಲ್ಕು ಮಂದಿ ಇಕ್ಕಳದಾಗ ಹಿಡದು ಗಾಲಿಗೆ ಕೂಡಿಸಿ, ಸುತ್ತಿಗಿಲೆ ಬಡದು, ತಕ್ಷಣ ನೀರು ಹೊಯ್ಯೋದು. ಹಳಿ ಕುಗ್ಗಿ ಇಡೀ ಗಾಲಿಯನ್ನ ಹಿಂಡಿ ಹಿಡೀತದ. ಒಂದು ಮೊಳಿ ಇಲ್ಲದ ಅಷ್ಟೂ ಅರಗಾಲು ಬಿಗಿ ಆಗತಾವ. ನಾನು ಕಂಡ ಕೆಲಸದಾಗ ಇದರಷ್ಟು ಚೆಂದದ ಕೆಲಸ ಮತ್ತೊಂದಿಲ್ಲ. ಹೊಗಿ, ಉಗಿ, ಹಿರಿಯರ ಕೂಗಾಟ, ನಾವು ಹುಡುಗರು ದೂರ ನಿಂತು ನೋಡೋದು.

ಜಾತ್ರಿ ಬರೋದು ಚಳಿಗಾಲದ ಕಡೀಗೆ. ಬನದ ಹುಣ್ಣಿವಿ ಪುಷ್ಯದಾಗ, ಭಾರತ ಹುಣ್ಣಿವಿ ಮಾಘದಾಗ. ಆ ಹೊತ್ತಿಗೆ ಗಾಳಿ ಒಣಗಿ ಕಟ್ಟಿಗಿ ಕುಗ್ಗಿ ಹಳಿ ಸಡಿಲ ಆಗಿರತದ. ಅದಕ್ಕ ಹೋಗೋದಕ್ಕಿಂತ ನಾಲ್ಕು ದಿನ ಮೊದಲು ಗಾಲಿ ಬಿಚ್ಚಿ ಹಳ್ಳದ ಮಡುವಿನಾಗ ಮುಳುಗಿಸಿ ಇಡತಿದ್ರು. ಕಟ್ಟಿಗಿ ನೀರು ಕುಡದು ಉಬ್ಬಿ ಹಳಿ ಮತ್ತ ಬಿಗೀತಿತ್ತು. ಗಾಲಿ ತಂದ ಮ್ಯಾಲ ಕೀಲೆಣ್ಣಿ. ಔಡಲ ಎಣ್ಣಿಗೆ ಸುಟ್ಟ ಹುಲ್ಲಿನ ಕರಿ ಕಲಸಿ ಬಿದಿರಿನ ನಳಿಗಿಯೊಳಗ ತುಂಬಿ ಚಕ್ಕಡಿ ಕೆಳಗ ತೂಗು ಹಾಕೋದು. ಹಾದಿಯೊಳಗ ಗಾಲಿ ಕಿರ್ರ್ ಅಂದ್ರ ನಿಲ್ಲಿಸಿ ಒಂದು ಕಡ್ಡಿ ಬಳಿಯೋದು. ಗಾಲಿ ಅಳೂದು ಮನಿಗೆ ಒಳ್ಳೇದಲ್ಲ ಅಂತ ಆಯಿ ಅಂತಿದ್ದಳು. ಅಜ್ಜ ಅಷ್ಟು ದೂರ ಹೋಗತಿರಲಿಲ್ಲ, ಅಚ್ಚು ಸವೀತದ ಅಂತಿದ್ದ.

ಕಡೀಗೆ ಕಡಗೀಲು. ಅಚ್ಚಿನ ತುದಿಗೆ ಗಾಲಿ ಹೊರಗ ಬರಲಾರದಂಗ ಹಾಕೋ ಬೆರಳುದ್ದದ ಕಬ್ಬಿಣ. ಹೊರಡೋ ಹಿಂದಿನ ರಾತ್ರಿ ಅಜ್ಜ ಕಂದೀಲು ಹಿಡಕೊಂಡು ಎರಡೂ ಕಡೆ ಕಡಗೀಲು ಮುಟ್ಟಿ ನೋಡತಿದ್ದ. ಕಣ್ಣಿಲೆ ನೋಡಿದ್ರ ಸಾಲೂದಿಲ್ಲ, ಕೈ ಹಾಕಿ ಅಲುಗಾಡಿಸಬೇಕು ಅಂತಿದ್ದ. ಬದಲಿ ಒಂದು ಜೋಡಿ ಮೂಕಿಯ ಬುಡಕ್ಕ ಕಟ್ಟಿರತಿತ್ತು. ಬೆಳಿಗ್ಗೆ ಎತ್ತು ಹೂಡಿದ ಮ್ಯಾಲ ಮತ್ತೊಮ್ಮೆ ಮುಟ್ಟೋದು. ಮಧ್ಯಾಹ್ನ ಕೊಳ್ಳ ಹರದಾಗ ಮತ್ತೊಮ್ಮೆ.

ನಮ್ಮೂರಿಂದ ಗುಡ್ಡಕ್ಕ ಹೋಗಾಕ ಹಾದಿಯೊಳಗ ರಾತ್ರಿ ತಂಗಬೇಕಾಗತಿತ್ತು. ಗೋಕಾಕ ದಾಟಿ, ಗುಡ್ಡ ಏರಿ, ಯರಗಟ್ಟಿ ಹಾದಿ. ಹತ್ತು ಹನ್ನೆರಡು ಚಕ್ಕಡಿ ಕೂಡೇ ಹೋಗೋದು. ರಾತ್ರಿ ಎಲ್ಲಾ ಚಕ್ಕಡಿ ಸುತ್ತಲೂ ನಿಲ್ಲಿಸಿ ನಡುವ ಒಲಿ. ಎತ್ತು ಗಾಲಿಗೆ ಕಟ್ಟೋದು, ಗಂಡಸರು ಚಕ್ಕಡಿ ಕೆಳಗ, ಹೆಣ್ಣುಮಕ್ಕಳು ಕೊಲ್ಲಾರಿ ಒಳಗ. ತತ್ರಾಣಿಯೊಳಗಿನ ನೀರು ಬೆಳಗಿನ ಝಾವ ಹಲ್ಲು ಜುಮ್ಮ ಅನ್ನೋ ಹಂಗ ತಣ್ಣಗ. ಕಟಕ ರೊಟ್ಟಿ, ಶೇಂಗಾ ಹಿಂಡಿ, ಮಾದಲಿ. ಯಾವುದೂ ಮೂರು ದಿನ ಕೆಡೋದಿಲ್ಲ. ಪಿಕಪ್ಪಿಗೆ ಫ್ರಿಜ್ ಕೂಡಸೂಣು ಅಂತ ಮಗ ಅಂದಾಗ ನಂಗ ಇದೇ ನೆನಪಾತು.

ಈ ಚಕ್ಕಡಿಯನ್ನ ಮುಗಿಸಿದ್ದು ಟ್ರ್ಯಾಕ್ಟರ್ ಅಂತ ಎಲ್ಲಾರೂ ಅಂತಾರ. ನನ್ನ ಪ್ರಕಾರ ಮುಗಿಸಿದ್ದು ನೀರು. ಘಟಪ್ರಭಾ ನದಿಗೆ ಹಿಡಕಲ್ ಡ್ಯಾಮು 1977ರಾಗ ಮುಗೀತು. ಈಗ ಅದಕ್ಕ ರಾಜಾ ಲಖಮಗೌಡ ಜಲಾಶಯ ಅಂತ ಹೆಸರು, 51 ಟಿಎಂಸಿ ನೀರು ಹಿಡೀತದ. ಕಾಲುವಿ ನೀರು ಬಂತು, ಜೋಳ ಹೋಗಿ ಕಬ್ಬು ಬಂತು, ಮೇವು ಕಡಿಮಿ ಆತು. ಸಂಕೇಶ್ವರದ ಹಿರಣ್ಯಕೇಶಿ, ಗೋಕಾಕದ ಘಟಪ್ರಭಾ, ಆಮ್ಯಾಲ ಒಂದಾದ ಮ್ಯಾಲ ಒಂದು ಸಕ್ಕರೆ ಕಾರ್ಖಾನೆ. ಕಟ್ಟಿಗಿ ಗಾಲಿಯ ಚಕ್ಕಡಿಗೆ ಒಂದು ಟನ್ ಕಬ್ಬು ಹೇರಿದ್ರ ಎರಿ ಹೊಲದಾಗ ಗುಂಬದ ತನಕ ಹೂತು ಹೋಗತಿತ್ತು.

ಅದಕ್ಕ ನಡುವ ಟೈರಿನ ಗಾಡಿ ಬಂತು. ಡನ್ಲಪ್ ಕಂಪನಿ 1936ರಾಗ ಕಲಕತ್ತಾ ಹತ್ರ ಸಾಹಾಗಂಜದಾಗ ಕಾರ್ಖಾನೆ ತಗದಿತ್ತು, ಎತ್ತಿನ ಗಾಡಿಗೆ ಅಂತಲೇ ಟೈರು, ಗಾಲಿ, ಅಚ್ಚು ಮಾಡತಿತ್ತು. ಕಬ್ಬಿನ ಸೀಮಿಯೊಳಗ ಅದು ಬಹಳ ಹಬ್ಬಿತು. ಬೆಂಗಳೂರಿನ ಐಐಎಂನ ಮೊದಲ ನಿರ್ದೇಶಕರಾಗಿದ್ದ ಎನ್. ಎಸ್. ರಾಮಸ್ವಾಮಿ ಅವರು 1970ರ ದಶಕದ ಕಡೀಗೆ ಎತ್ತಿನ ಗಾಡಿ ಸುಧಾರಣೆಗೆ ಅಂತ ದೇಶ ಎಲ್ಲಾ ತಿರುಗಿ ದೊಡ್ಡ ವರದಿ ಬರದ್ರು. ಗಾಡಿ ಹಗುರ ಆಗಲಿ, ಬೇರಿಂಗ್ ಬರಲಿ, ನೊಗ ಎತ್ತಿನ ಹೆಗಲಿಗೆ ಹುಣ್ಣ ಮಾಡಬಾರದು ಅನ್ನೋದು ಅವರ ವಾದ. ದೊಡ್ಡ ದೊಡ್ಡ ಕಂಪನಿಗೆ ಮ್ಯಾನೇಜರ್ ತಯಾರು ಮಾಡೋ ಶಾಲಿಯ ಮುಖ್ಯಸ್ಥರು ಎತ್ತಿನ ಹೆಗಲ ಬಗ್ಗೆ ಬರದ್ರು ಅನ್ನೋದು ನಂಗ ಇವತ್ತಿಗೂ ಸೋಜಿಗ. ಆದ್ರ ಅವರ ಗಾಡಿ ನಮ್ಮೂರಿಗೆ ಬರೋದ್ರೊಳಗ ಟ್ರ್ಯಾಕ್ಟರ್ ಬಂದಿತ್ತು.

ಟೈರಿನ ಗಾಡಿಗೆ ಕಡಗೀಲು ಇರಲಿಲ್ಲ. ಬೇರಿಂಗ್, ನಟ್ಟು, ಮ್ಯಾಲ ಟೋಪಿ. ಒಳಗಿಂದು ಕಾಣೋದಿಲ್ಲ. ಮುಟ್ಟಿ ನೋಡೋ ರೂಢಿ ತಪ್ಪಿದ್ದು ಅಲ್ಲಿಂದ ಅಂತ ಅನಸ್ತದ.

ನಮ್ಮ ಮನಿಗೆ ಟ್ರ್ಯಾಕ್ಟರ್ ಬಂದ ವರ್ಷ ಅಪ್ಪ ಕೊಲ್ಲಾರಿ ಕಮಾನು ಬಿಚ್ಚಿ ಹಿತ್ತಲದಾಗ ಅವರೀ ಬಳ್ಳಿಗೆ ಹಂದರ ಮಾಡಿದ. ಹುಣ್ಣಿವಿಗೆ ಡಬ್ಬಿಯೊಳಗ ಹೋಗೋದು ಶುರು ಆತು. ಮೊದಮೊದಲು ಸಂಭ್ರಮ. ಎರಡು ದಿನದ ಹಾದಿ ಐದು ತಾಸಿಗೆ ಬಂತು. ಹತ್ತು ಮಂದಿ ಹೋಗೋ ಕಡೆ ಮೂವತ್ತು ಮಂದಿ. ಕೆಳಗ ಹುಲ್ಲು, ಮ್ಯಾಲ ತಾಡಪತ್ರಿ. ನೋಡಾಕ ಹಳೇ ಕೊಲ್ಲಾರಿ ಇದ್ದಂಗ. ಆದ್ರ ಚಕ್ಕಡಿ ತಾಸಿಗೆ ಎರಡು ಮೈಲು ಹೋಗತಿತ್ತು, ಮಗುಚಿದ್ರ ಮೊಣಕೈ ತರಚತಿತ್ತು. ಡಬ್ಬಿ ಇಪ್ಪತ್ತೈದು, ಮೂವತ್ತು ಕಿಲೋಮೀಟರ್ ವೇಗದಾಗ ಹೋಗತದ. ಅದಕ್ಕ ಸ್ಪ್ರಿಂಗ್ ಇಲ್ಲ, ಬಹಳ ಡಬ್ಬಿಗೆ ಬ್ರೇಕೂ ಇಲ್ಲ.

ಈಗ ಹೇಳೋ ಮಾತು ನಾ ಬಹಳ ಮಂದಿಗೆ ಹೇಳಿಲ್ಲ. 1990ರ ದಶಕದ ನಡುವ ಒಂದು ಭಾರತ ಹುಣ್ಣಿವಿ. ಟ್ರ್ಯಾಕ್ಟರ್ ನಾನೇ ಹೊಡೀತಿದ್ದೆ. ಡಬ್ಬಿಯನ್ನ ಟ್ರ್ಯಾಕ್ಟರಿಗೆ ಕೂಡಿಸೋ ಪಿನ್ನಿಗೆ ಕೆಳಗ ಒಂದು ಕ್ಲಿಪ್ ಇರತದಲ್ಲ, ಅದು ಕಬ್ಬಿನ ಹಂಗಾಮಿನಾಗ ಎಲ್ಲೋ ಬಿದ್ದು ಹೋಗಿತ್ತು. ಕ್ಲಿಪ್ಪಿಗೆ ನಾಲ್ಕು ರೂಪಾಯಿ. ನಾ ತರಲಿಲ್ಲ. ಬೇಲಿ ತಂತಿ ಎರಡು ಸುತ್ತು ಸುತ್ತಿದ್ದೆ. ಎರಡು ತಿಂಗಳು ಕಬ್ಬು ಸಾಗಿಸಿದ್ದೆ, ಏನೂ ಆಗಿರಲಿಲ್ಲ, ಧೈರ್ಯ ಬಂದಿತ್ತು. ಗುಡ್ಡದಿಂದ ತಿರುಗಿ ಬರಬೇಕಾದ್ರ ಯರಗಟ್ಟಿ ಈಚಿಕಡೆ ಒಂದು ಇಳಕಲಿನಾಗ ತೆಗ್ಗಿಗೆ ಬಿದ್ದ ಏಟಿಗೆ ತಂತಿ ತುಂಡಾಗಿ ಪಿನ್ನು ಮ್ಯಾಲ ಜಿಗೀತು. ಹಿಂದಿಂದ ಒಂದು ಸಪ್ಪಳ ಬಂತು, ಟ್ರ್ಯಾಕ್ಟರ್ ಒಮ್ಮಿಂದೊಮ್ಮೆಲೆ ಹಗುರಾತು. ಆ ಹಗುರ ಆದದ್ದು ಈಗಲೂ ನನ್ನ ಬೆನ್ನಿಗೆ ನೆನಪದ. ತಿರುಗಿ ನೋಡಿದ್ರ ಡಬ್ಬಿಯ ಮೂತಿ ನೆಲಕ್ಕ ಇರದು, ಮಣ್ಣು ಹರಕೋತ ಬದಿಗೆ ಹೋಗಿ ಕಲ್ಲಿನ ಗುಂಪಿಗೆ ನಿಂತಿತ್ತು. ಇಪ್ಪತ್ತಾರು ಮಂದಿ ಒಬ್ಬರ ಮ್ಯಾಲ ಒಬ್ಬರು. ನಮ್ಮ ಅತ್ತಿಗಿಯ ಮುಂಗೈ ಮುರೀತು, ಒಂದು ಹುಡುಗನ ಹಲ್ಲು ಹೋದವು. ಕಲ್ಲಿನ ಗುಂಪಿನ ಆಚೆ ಬಾವಿ ಇತ್ತು. ಅಜ್ಜ ಆಗ ಇರಲಿಲ್ಲ, ಒಳ್ಳೇದಾತು.

ಯಾರೂ ನನ್ನ ಬೈಯಲಿಲ್ಲ. ಎಲ್ಲಮ್ಮ ಕಾದಳು ಅಂದ್ರು. ನಾ ಸುಮ್ಮನಾದೆ. ಆದ್ರ ತಂತಿ ಸುತ್ತಿದ ಕೈ ನಂದು.

ಕಾನೂನಿನ ಮಾತೂ ಒಂದು ಹೇಳಬೇಕು, ಯಾಕಂದ್ರ ಹೊಲ ಹೋಗೋ ವಿಷಯ ಅದು. 1988ರ ಮೋಟಾರು ವಾಹನ ಕಾಯ್ದೆ ಪ್ರಕಾರ ಸಾಮಾನಿನ ಗಾಡಿಯೊಳಗ ಮಂದಿ ಹೇರಂಗಿಲ್ಲ. ದಂಡ ಕಟ್ಟಿದ್ರ ಮುಗೀತು ಅಂತ ನಾವು ತಿಳಕೊಂಡೇವಿ. ಹಂಗಲ್ಲ. 2002ರ ಡಿಸೆಂಬರದಾಗ ಸುಪ್ರೀಂ ಕೋರ್ಟ್ ಆಶಾ ರಾಣಿ ಪ್ರಕರಣದಾಗ ತೀರ್ಪು ಕೊಟ್ಟದ: ಸಾಮಾನಿನ ಗಾಡಿಯೊಳಗ ಹಂಗೇ ಹತ್ತಿಸಿಕೊಂಡು ಹೋದ ಪ್ರಯಾಣಿಕರಿಗೆ ಏನಾದ್ರೂ ಆದ್ರ ವಿಮಾ ಕಂಪನಿ ಪರಿಹಾರ ಕೊಡಬೇಕಾಗಿಲ್ಲ. ಅಂದ್ರ ಆ ಹೊರಿ ಗಾಡಿ ಮಾಲೀಕನ ಮ್ಯಾಲ. ಸಾಮಾನಿನ ಜೋಡಿ ಹೋಗೋ ಸಾಮಾನಿನ ಮಾಲೀಕನ ಲೆಕ್ಕ ಬ್ಯಾರೆ, ಅದಕ್ಕ 1994ರ ತಿದ್ದುಪಡಿ ಅದ. ಆದ್ರ ಜಾತ್ರಿಗೆ ಹೊಂಟ ಇಪ್ಪತ್ತು ಮಂದಿ ಯಾರೂ ಸಾಮಾನಿನ ಮಾಲೀಕರಲ್ಲ. ಪುಣ್ಯಕ್ಕ ಅಂತ ಹತ್ತಿಸಿಕೊಂಡವನ ಎರಡು ಎಕರೆ ಹೋದೀತು.

ಮುಂದ ಸಣ್ಣ ಗಾಡಿಗಳ ಕಾಲ. ನಾವು ಎಲ್ಲಾ ಸಣ್ಣ ಲಾರಿಗೂ ‘ಟೆಂಪೋ’ ಅಂತೀವಲ್ಲ, ಅದು ಜರ್ಮನಿಯ ಒಂದು ಗಾಡಿಯ ಹೆಸರು. 1958ರಾಗ ಬಜಾಜ್ ಟೆಂಪೋ ಕಂಪನಿ ಆಗಿ ಅದರ ಮೂರು ಗಾಲಿಯ ಗಾಡಿ ನಮ್ಮ ದೇಶದಾಗ ತಯಾರಾತು, ಹೆಸರು ಅಂಟಿತು. 1986ರಾಗ ಟಾಟಾ 407, 2005ರಾಗ ಟಾಟಾ ಏಸ್, ಅಂದ್ರ ನಮ್ಮ ಛೋಟಾ ಹಾಥಿ. ಮಹೀಂದ್ರಾದವರು 1947ರಾಗ ವಿಲ್ಲೀಸ್ ಜೀಪು ಕೂಡಿಸಾಕ ಶುರು ಮಾಡಿದ್ರು, ಬೊಲೆರೊ 2000ರಾಗ ಬಂತು, ಅದರ ಪಿಕಪ್ಪು ಈಗ ಮೂಡಲಗಿಯಿಂದ ಹುಕ್ಕೇರಿ ತನಕ ಓಣಿಗೆ ಎರಡು. ಕಾಯಿಪಲ್ಲೆ, ಹಾಲು, ಆಡು, ಮೋಟಾರು, ಎಲ್ಲಾ ಅದರಾಗೇ. ಮತ್ತ ಹುಣ್ಣಿವಿಗೆ ಮಂದಿನೂ ಅದರಾಗೇ.

2023ರ ಜನವರಿ ಮೊದಲ ವಾರದಾಗ, ಬನದ ಹುಣ್ಣಿವಿ ಹಿಂದು ಮುಂದು, ರಾಮದುರ್ಗ ತಾಲೂಕಿನ ಚುಂಚನೂರ ಹತ್ರ ಎಲ್ಲಮ್ಮನ ಗುಡ್ಡಕ್ಕ ಹೊಂಟವರಿದ್ದ ಸಾಮಾನಿನ ಗಾಡಿ ಆಲದ ಗಿಡಕ್ಕ ಬಡದು ಆರು ಮಂದಿ ತೀರಿಕೊಂಡ್ರು. ಪೇಪರಿನಾಗ ಆ ಬಾಡಿಯ ಫೋಟೊ ನೋಡಿ ನಾ ಅವತ್ತು ಉಣಲಿಲ್ಲ. ನಮ್ಮ ಪಿಕಪ್ ಆಗ ಮನಿಗೆ ಬಂದು ಒಂದು ವರ್ಷ ಆಗಿತ್ತು. ಅವತ್ತಿಂದ ಇವತ್ತಿನ ತನಕ ಅದರ ಬಾಡಿಯೊಳಗ ಮನಶಾರನ್ನ ಹತ್ತಿಸಿಲ್ಲ. ಊರಾಗ ಸೊಕ್ಕಿನಾಂವ ಅನಿಸಿಕೊಂಡೀನಿ.

ಅದಕ್ಕ ಮಗನ ಆಸೆಗೆ ನಾ ಹೂಂ ಅಂದೀನಿ, ಆದ್ರ ಒಂದು ಕರಾರಿನ ಮ್ಯಾಲ. ಹಿಂದಿನ ಬಾಡಿ ಸಂಸಾರದ್ದು, ಮಂದೀದಲ್ಲ. ಮುಂದ ಸೀಟಿನಾಗ ಕುಂತವರು ಕುಂತು ಉಳಿದವರು ಬಸ್ಸಿಗೆ. ಹಾಸಗಿ, ಒಲಿ, ನೀರು, ಪಡಲಗಿ, ಡೇರೆ ಎಲ್ಲಾ ಹಿಂದ. ಇನ್ನೊಂದು, ಏನೂ ವೆಲ್ಡಿಂಗ್ ಮಾಡಸಂಗಿಲ್ಲ. ಅದೇ ಕಾಯ್ದೆಯ 52ನೇ ಕಲಮಿನ ಪ್ರಕಾರ ಗಾಡಿಯ ಮೂಲ ಸ್ವರೂಪ ಬದಲಿಸಂಗಿಲ್ಲ, ಮತ್ತ ವೆಲ್ಡಿಂಗ್ ಮಾಡಿದಲ್ಲೇ ಮೊದಲು ಜಂಗು ಹಿಡೀತದ. ಕೊಲ್ಲಾರಿ ಕಮಾನಿನಂಗ ಬಿಚ್ಚಾಕ ಬರಬೇಕು, ಹುಣ್ಣಿವಿ ಮುಗದ ಮರುದಿನ ಬದನಿಕಾಯಿ ಹೇರಾಕ ಬಾಡಿ ಖಾಲಿ ಬೇಕು.

ಜಂಗಿನ ಮಾತು ಬಂತು. ಕೆಲಸ ಶುರು ಮಾಡೋ ಮುಂದ ಬಾಡಿಗೆ ಹಾಸಿದ ರಬ್ಬರ್ ಚಾಪಿ ಎತ್ತಿದ್ವಿ. ಕೆಳಗ ಮುಂದಿನ ಮೂಲಿಯೊಳಗ ತಗಡು ಬಿಸ್ಕೀಟಿನಂಗ ಆಗಿತ್ತು, ಸ್ಕ್ರೂಡ್ರೈವರ್ ಚುಚ್ಚಿದ್ರ ಆಚಿ ಬಂತು. ಮೂರು ವರ್ಷ ಪೊಟ್ಯಾಶು, ಯೂರಿಯಾ ಚೀಲ ಹೇರಿ, ಚೆಲ್ಲಿದ್ದನ್ನ ಕಸಬರಗಿಲೆ ಗುಡಿಸಿ ಬಿಟ್ಟಿದ್ವಿ. ಪೊಟ್ಯಾಶು ಅಂದ್ರ ಉಪ್ಪೇ. ಚಾಪಿ ಕೆಳಗ ಹಸಿ ಹಿಡದು ಕೂತು ತಿಂದದ. ನೀರು ಹರದು ಹೋಗಾಕ ಬಿಟ್ಟ ತೂತು ಕಸ ತುಂಬಿ ಮುಚ್ಚಿದ್ದವು. ಗೊಬ್ಬರ ಹೇರಿದ ದಿನವೇ ಬಾಡಿ ತೊಳೀರಿ, ಚಾಪಿ ಎತ್ತಿ ಬಿಸಲಿಗೆ ಹಾಕ್ರಿ, ತೂತಿನಾಗ ಕಡ್ಡಿ ಆಡಸ್ರಿ. ಕಬ್ಬಿನ ಹಾಲು, ಬೆಲ್ಲದ ಪಾಕ ಚೆಲ್ಲಿದ್ರೂ ಅಷ್ಟೇ. ನಾವು ಕೆಟ್ಟ ಭಾಗ ಕತ್ತರಿಸಿ ಹೊಸ ತಗಡು ಬೋಲ್ಟ್ ಹಾಕಿ ಕೂಡಿಸಿ, ಉಳಿದದ್ದನ್ನ ತಂತಿ ಬ್ರಶ್ಶಿಲೆ ಉಜ್ಜಿ ರೆಡಾಕ್ಸೈಡ್ ಎರಡು ಕೈ ಹಚ್ಚಿದ್ವಿ. ಚಾಪಿ ಬದಲಿ ಕಟ್ಟಿಗಿ ಪಟ್ಟಿ ಹಾಸೀವಿ, ಕೆಳಗ ಗಾಳಿ ಆಡತದ. ಹಳೇ ಚಕ್ಕಡಿಯ ಹಲಗಿ ಎರಡು ಅಟ್ಟದ ಮ್ಯಾಲ ಇದ್ದವು, ಅವೂ ಕೆಲಸಕ್ಕ ಬಂದವು.

ನೀರಿನ ಕ್ಯಾನು ನಲವತ್ತು ಲೀಟರಿಂದು ಎರಡು, ಹಿಂದಿನ ಅಚ್ಚಿನ ಸ್ವಲ್ಪ ಮುಂದ, ಎಡಕ್ಕೊಂದು ಬಲಕ್ಕೊಂದು. ಗ್ಯಾಸ್ ಸಿಲಿಂಡರ್ ನೆಟ್ಟಗ ನಿಲ್ಲಿಸಿ ಪಟ್ಟಿ ಬಿಗದು, ತೆರೆದ ಗಾಳಿಯೊಳಗ. ಖಾನೆ ಮಾಡಿಸಲಿಲ್ಲ, ಹಳೇ ಟ್ರಂಕು ಎರಡು ಅವ. ಕಮಾನಿಗೆ ಬಿದಿರೇ ಬೇಕು ಅಂತ ನಾ ಹಟ ಮಾಡಿದೆ, ಮಗ ಪ್ಲಾಸ್ಟಿಕ್ ಪೈಪು ತಂದ. ಅದು ಬಗ್ಗೋದು ಚೆಂದ ಬಗ್ಗತದ, ಬಿಸಲಾಗ ಎಷ್ಟು ದಿನ ಬರತದ ನೋಡಬೇಕು. ಪಾಟಾ ಸ್ಪ್ರಿಂಗಿನ ಯು ಬೋಲ್ಟ್ ಬಿಗಿ ಮಾಡಿ ಗ್ರೀಸ್ ಹೊಡಸೀವಿ. ಬೇಸಗಿಯೊಳಗ ಹಿಡಕಲ್ ನೀರು ಇಳದಾಗ ಹುನ್ನೂರ ವಿಠ್ಠಲನ ಗುಡಿ ನೀರಿಂದ ಮ್ಯಾಲ ಬರತದಲ್ಲ, ಅಲ್ಲಿಗೊಮ್ಮೆ ಹೋಗಿ ಒಂದು ರಾತ್ರಿ ಇದ್ದು ನೋಡೂಣು ಅಂದಾನ. ಬರತೀನಿ ಅಂದೀನಿ.

ಚಿಂಚಲಿಗೆ ಮಹಾರಾಷ್ಟ್ರದ ಕಡಿಂದ ಇವತ್ತಿಗೂ ಚಕ್ಕಡಿ ಕಟ್ಟಿಕೊಂಡು ಬರತಾರ, ನೋಡಿರಬೇಕು ನೀವು. ಈ ಸಲ ಹೋದ್ರ ಅವರ ಗಾಡಿ ಕೆಳಗ ಒಮ್ಮೆ ಬಗ್ಗಿ ನೋಡ್ರಿ, ಕೀಲೆಣ್ಣಿ ನಳಿಗಿ ತೂಗಿರತದ.

ಹುಣ್ಣಿವಿಗೆ ಇನ್ನ ಒಂಬತ್ತು ದಿನ ಅದ. ಹೆಣ್ಣುಮಕ್ಕಳಿಗೆ ಬಸ್ಸಿನ ವ್ಯವಸ್ಥೆ ಆಗೇದ, ಅವ್ವ ಮುಂದಿನ ಸೀಟಿಗೆ. ತಾಡಪತ್ರಿ ಬಿಸಲಿಗೆ ಹಾಕೀನಿ. ನಿನ್ನಿ ರಾತ್ರಿ ಬ್ಯಾಟರಿ ಹಿಡಕೊಂಡು ಬಾಡಿಯ ಹಿಂದಿನ ಬಾಗಲ ಪಿನ್ನು ಎರಡೂ ಕೈ ಹಾಕಿ ಅಲುಗಾಡಿಸಿ ನೋಡಿದೆ. ಬಲಗಡಿ ಬಿಗಿ ಅದ. ಎಡಗಡಿದು ಸವದು ಆಡಾಕತ್ತೇದ. ನಾಳೆ ಮೂಡಲಗಿಗೆ ಹೋದಾಗ ಜೋಡೀನ ತರತೀನಿ, ಬದಲಿ ಒಂದು ಜೋಡಿ ಬ್ಯಾರೆ.